ವೈರಲ್ ಅಷ್ಟೇ

3, ಮಂಗಳವಾರ. ಬೆಳಿಗ್ಗೆ 4.50

ಗಳಗಳಗಳ... ಗೋಡೆಯಾಚೆ ಕಾಂಪೌಂಡರ್ ಗಂಟಲು ತೊಳೆಯುತ್ತಿದ್ದಾರೆ. ಎಚ್ಚರವಾಯಿತು. ಎಚ್ಚರವಾಗಬೇಕಾದರೆ ಮೊದಲು ನಿದ್ದೆ ಬಂದಿರಬೇಕು — ಬಂದಿತ್ತು, ಹನ್ನೆರಡು ನಿಮಿಷ. ಉಪ್ಪುನೀರಿನ ಈ ಕಚೇರಿ ಮೂರು ಸುತ್ತು. ಮೂರನೆಯದು ತಾರಸ್ಥಾಯಿ. ಆಮೇಲೆ ಉಗುಳು. ಆಮೇಲೆ "ಹಾ..." ಎಂಬ ತೃಪ್ತಿ. ಎಪ್ಪತ್ತಮೂರು ವರ್ಷದ ಗಂಟಲಿಗೆ ಇಷ್ಟು ಸೇವೆ ಯಾಕೆ? ದಿನವಿಡೀ ಉಪದೇಶ ಮಾಡಬೇಕಲ್ಲ.

ಕಾಂಪೌಂಡರ್ ಅಂದರೆ ಗಂಡನ ಚಿಕ್ಕಪ್ಪ. ಒಂದೇ ಮಹಡಿ, ಎದುರುಬದುರು ಬಾಗಿಲು, ನಡುವೆ ಒಂದು ತೆಳು ಗೋಡೆ. ಯಾವುದೋ ಕಾಲದಲ್ಲಿ ಒಬ್ಬ ಡಾಕ್ಟರ ಕೈಕೆಳಗೆ ಪುಡಿ ಪೊಟ್ಟಣ ಕಟ್ಟುತ್ತಾ, ಗುಲಾಬಿ ಬಣ್ಣದ ನೀರು ಕಲಸುತ್ತಾ ನಲವತ್ತು ವರ್ಷ. ಡಾಕ್ಟರು ಸತ್ತರು, ಇವರು ಡಾಕ್ಟರಾದರು. ಎದುರಿಗೆ "ಮಾವ" ಅನ್ನುತ್ತೇನೆ. ಇಲ್ಲಿ ಅನ್ನಬೇಕಾಗಿಲ್ಲ.

ಮಗಳು ಚಿಟಿಕೆಗೆ ಜ್ವರ, 101.2. ನಿನ್ನೆ ಸಂಜೆಯಿಂದ. ಹದಿನೈದು ತಿಂಗಳ ಮೈ ಇಸ್ತ್ರಿಪೆಟ್ಟಿಗೆಯಾಗಿದೆ. ಹೆಗಲ ಮೇಲೆ ಹಾಕಿಕೊಂಡು ಕೋಣೆಯಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ, ಅಡುಗೆಮನೆಯಿಂದ ಕೋಣೆಗೆ ಹನ್ನೊಂದು. ಚಿಟಿಕೆ ಎಂಬ ಅಡ್ಡಹೆಸರೂ ಕಾಂಪೌಂಡರದೇ ಕೊಡುಗೆ. ಹುಟ್ಟಿದಾಗ ಎರಡೇ ಕೇಜಿ ಇದ್ದಳು. ಅಂಗೈಯಲ್ಲಿ ತೂಗಿ ನೋಡಿ, "ಏನಮ್ಮಾ ಇದು, ಒಂದು ಚಿಟಿಕೆ!" ಅಂದರು. ಅಂಟಿಕೊಂಡಿತು. ಚೆಂದದ ಹೆಸರು ಒಂದಿದೆ. ಅದು ಲಸಿಕೆ ಕಾರ್ಡಿನಲ್ಲಿ ಮಲಗಿದೆ. ಅದಾದರೂ ಮಲಗಲಿ.

ಒಂಬತ್ತಕ್ಕೆ ಡಾಕ್ಟರ್.

3, ಮಂಗಳವಾರ. ಮಧ್ಯಾಹ್ನ

ಹೋಗಿಬಂದೆ. ಟೈ ಡಾಕ್ಟರ್. ಟೈ ತುಂಬ ಆನೆಮರಿಗಳು — ಮಕ್ಕಳು ಹೆದರಬಾರದಂತೆ. ಹೆದರಿದ್ದು ಆನೆಮರಿಗಳೇ ಇರಬೇಕು, ಅಂಥ ಕುತ್ತಿಗೆಯಿಂದ ನೇತಾಡಬೇಕಲ್ಲ. ನಾನಿನ್ನೂ ಕುರ್ಚಿಗೆ ಬೆನ್ನು ತಾಗಿಸಿರಲಿಲ್ಲ.

"ವೈರಲ್."

"ಡಾಕ್ಟರ್, ನೀವಿನ್ನೂ ನೋಡೇ ಇಲ್ಲ."

"ನೋಡ್ತೀನಿ, ನೋಡ್ತೀನಿ. ಬೆಳಿಗ್ಗೆಯಿಂದ ಹದಿನಾಲ್ಕು ಮಕ್ಕಳು. ಹದಿನಾಲ್ಕೂ ವೈರಲ್ಲೇ."

ನೋಡಿದರು. ಗಂಟಲು, ಕಿವಿ, ಅಂಗಿ ಎತ್ತಿ ಎದೆ. ಒಂದೂವರೆ ನಿಮಿಷ. ಹಣ್ಣಿನಂಗಡಿಯಲ್ಲಿ ಕಲ್ಲಂಗಡಿ ತಟ್ಟಿ ನೋಡುವವರು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ.

"ಐದು ದಿನ ಇರುತ್ತೆ, ಹೋಗುತ್ತೆ. ಫಸ್ಟ್ ಬೇಬಿನಾ?"

"ಹೌದು."

"ಅದಕ್ಕೇ."

ಅದಕ್ಕೇ! ಹದಿನೈದು ತಿಂಗಳ ನಿದ್ದೆಗೇಡಿಗೆ ಮೂರಕ್ಷರದ ಷರಾ. ಚೀಟಿ ಕೊಟ್ಟರು: ಜ್ವರ ಇಳಿಸುವ ಸಿರಪ್, ಮೇಲೆ ಒಂದು ಪದ. ಇಂಗ್ಲಿಷಿನಲ್ಲಿ ಬರೆದದ್ದನ್ನು ನನ್ನ ಕನ್ನಡದ ಕಣ್ಣು ಓದಿತು — "ವಿರಳ". ಊರಿಗೆಲ್ಲ ಬಂದಿರುವ ವಿರಳ. ಲಿಫ್ಟಿನಲ್ಲಿ ಒಬ್ಬಳೇ ನಕ್ಕೆ. ಚಿಟಿಕೆ ತಲೆಯೆತ್ತಿ ನೋಡಿ ಮತ್ತೆ ಹೆಗಲಿಗೆ ಒರಗಿದಳು. ಅವಳಿಗೆ ನನ್ನ ಜೋಕುಗಳು ಸಾಕಾಗಿವೆ.

4, ಬುಧವಾರ. ರಾತ್ರಿ 10

101.8. 100.6. 102.

ಗಂಡ ಒಂಬತ್ತಕ್ಕೆ ಫೋನ್ ಮಾಡಿದ. ಲಿಫ್ಟ್ ಜೋಡಿಸುವ ಕಂಪನಿ, ಬೇರೆ ಊರು, ಹದಿನೆಂಟು ಮಹಡಿಯ ಕಟ್ಟಡ. ಲಿಫ್ಟಿನ ಬಾವಿಯೊಳಗೆ ಇಳಿದರೆ ಸಿಗ್ನಲ್ ಇಲ್ಲ, ಮೇಲೆ ಬಂದರೆ ಪುರುಸೊತ್ತಿಲ್ಲ.

"ವೈರಲ್ ತಾನೆ? ಇಲ್ಲಿ ಸೈಟಲ್ಲಿ ಅರ್ಧ ಜನಕ್ಕೆ ವೈರಲ್."

"ಅವರಿಗೂ ಹದಿನೈದು ತಿಂಗಳಾ?"

"ಶುರು ಮಾಡಿದ್ಯಾ... ಅವಳು ಮಲಗಿದಾಗ ನೀನೂ ಮಲ್ಕೊಂಡ್ಬಿಡು."

"ಅವಳು ಮಲಗೋದು ನನ್ನ ಮೇಲೆ."

"ಹಾಗಾದ್ರೆ ಮಲಗಿದ ಹಾಗೇ ಆಯ್ತಲ್ಲ!"

ಎರಡು ಹೆಬ್ಬೆರಳು ಕಳಿಸಿದ. ಎಮೋಜಿ. ಹದಿನೆಂಟು ಮಹಡಿ ಏರಿಸಿ ಇಳಿಸುವುದನ್ನು ಕಲಿತಿದ್ದಾನೆ, ಜ್ವರ ಒಂದು ಡಿಗ್ರಿ ಇಳಿಸುವುದು ಗೊತ್ತಿಲ್ಲ.

ಮಧ್ಯಾಹ್ನ ಕಾಂಪೌಂಡರ್ ಬಂದಿದ್ದರು. ಕಿವಿಯ ಯಂತ್ರ ಸರಿಮಾಡಿಕೊಂಡು, ಕನ್ನಡಕ ಏರಿಸಿಕೊಂಡು, ಸೋಫಾದ ತುದಿಯಲ್ಲಿ.

"ಏನಂದ್ರಮ್ಮಾ ಡಾಕ್ಟ್ರು?"

"ವೈರಲ್ ಅಂತೆ, ಮಾವ."

"ಅಂದ್ರೆ?"

"ವೈರಸ್‌ನಿಂದ ಬರೋದು."

"ವೈರಸ್ ಅಂದ್ರೆ?"

"ಅದೇ... ಕಣ್ಣಿಗೆ ಕಾಣಲ್ಲ, ಅದು."

"ಹಂಗೆ ಹೇಳು. ಗೊತ್ತಿಲ್ಲ ಅಂತ ಅರ್ಥ. ನಮ್ ಡಾಕ್ಟ್ರು ಗೊತ್ತಾಗ್ದಿದ್ರೆ ಗುಲಾಬಿ ನೀರು ಕೊಡ್ತಿದ್ರು. ಇವ್ರು ಇಂಗ್ಲಿಷ್ ಕೊಡ್ತಾರೆ." ತಮ್ಮ ಜೋಕಿಗೆ ತಾವೇ ನಕ್ಕು, ಮಗುವಿನ ಹಣೆ ಮುಟ್ಟಿದರು. ನಗು ನಿಂತಿತು. "ಇದು ನಂಜು ಕಣಮ್ಮಾ. ಎಲ್ಲೋ ನಂಜಾಗಿದೆ. ಮೈಯೆಲ್ಲ ನೋಡಿದ್ರಾ?"

"ನೋಡಿದ್ರು."

"ಮೈಯೆಲ್ಲ?"

"ನೋಡಿದ್ರು ಮಾವ!"

ನಂಜು! ಈ ಮನುಷ್ಯನಿಗೆ ಲೋಕವೇ ನಂಜು. ಬದನೆಕಾಯಿ ನಂಜು. ತುಕ್ಕು ನಂಜು. ಮಗುವಿಗೆ ಹಲ್ಲು ಬಂದರೆ ನಂಜು, ದೊಡ್ಡವರಿಗೆ ಹಲ್ಲು ಬಿದ್ದರೆ ನಂಜು. ಒದ್ದೆ ಟವೆಲ್ ನಂಜು. ಮೇಲಿನ ಮನೆಯವರ ಬೆಕ್ಕು ಇವರ ಕಾಲೊರೆಸಿನ ಮೇಲೆ ಮಲಗಿತ್ತು — ಅದೂ ನಂಜು, ಬಿಸಿನೀರಲ್ಲಿ ಕುದಿಸಿದರು, ಕಾಲೊರೆಸನ್ನು. ಒಂದೇ ಪದ ಇಟ್ಟುಕೊಂಡು ನಲವತ್ತು ವರ್ಷ ಔಷಧಾಲಯ ನಡೆಸಿದ ಭೂಪ.

ಆದರೂ ಮಧ್ಯಾಹ್ನ ಒಂದು ಗಂಟೆ ಮಗುವನ್ನು ಅವರ ಹತ್ತಿರ ಬಿಟ್ಟು ಮಲಗುತ್ತೇನೆ. ಬೇರೆ ಯಾರಿದ್ದಾರೆ? ಎತ್ತಿಕೊಳ್ಳಲು ಪದವಿ ಬೇಡ.

6, ಶುಕ್ರವಾರ

ನಿನ್ನೆ ಬರೆಯಲಿಲ್ಲ. ನಿನ್ನೆ ಎಂಬುದು ಇತ್ತೇ ಅನ್ನುವುದೂ ಖಚಿತವಿಲ್ಲ. 102.4. ಹಾಲು ಅರ್ಧ ಲೋಟ. ಮಂಚದಿಂದ ಇಳಿಸಿದರೆ ನಿಲ್ಲುವುದಿಲ್ಲ, ಕಾಲೂರದೆ ಎತ್ತಿಕೋ ಎಂದು ಅಳುತ್ತಾಳೆ. ನಿಶ್ಶಕ್ತಿ.

ಹನ್ನೊಂದಕ್ಕೆ ಪ್ರಧಾನ ಸಂಪಾದಕರ ಫೋನು. ಶಾಲಾಮಕ್ಕಳ ಇಂಗ್ಲಿಷ್–ಕನ್ನಡ ನಿಘಂಟು ಮಾಡುತ್ತಿದ್ದೇವೆ, ಐದು ಜನ. ನನಗೆ ಬಂದದ್ದು ವೀ ಇಂದ ಝಡ್. ಹೆರಿಗೆಯಾದವಳಿಗೆ ಬಾಲದ ತುದಿ ಸಾಕು ಎಂಬ ಕರುಣೆ. ಪದಕ್ಕೊಂದು ಚೀಟಿ: ಅರ್ಥ, ಮೂಲ, ಒಂದು ವಾಕ್ಯ. ಚೀಟಿಯೇ ಬೇಕು ಅವರಿಗೆ, ಕೈಬರಹದ ಚೀಟಿ. ಚಪ್ಪಲಿ ಡಬ್ಬಿಯಲ್ಲಿ ಜೋಡಿಸಿಟ್ಟುಕೊಳ್ಳುತ್ತಾರೆ.

"ವೀ ಮುಗೀತಾ?"

"ಮಗುಗೆ ಜ್ವರ ಸರ್."

"ಓ. ವೈರಲ್ಲಾ?"

ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದೆ.

"ಹಾಗಾದ್ರೆ ಆ ಪದಾನೇ ಮೊದಲು ಮಾಡಿ. ಪ್ರತ್ಯಕ್ಷ ಅನುಭವ ಇದೆಯಲ್ಲ!" ಹೆ ಹೆ. "ವೈರಸ್ಸಿಗೆ ವೈರಾಣು ಅಂತ ಹಾಕಿ. ವೈರ ಪ್ಲಸ್ ಅಣು. ಮೂಲವೂ ಅದೇ ಅಂತ ಬರೆದುಬಿಡಿ, ಮಕ್ಕಳಿಗೆ ಸುಲಭ."

"ಸರ್, ಅದು ಇಂಗ್ಲಿಷ್ ಸದ್ದಿಗೆ ಸಂಸ್ಕೃತದ ಅಂಗಿ ಹೊಲಿಸಿದ್ದು. ಮೂಲ ಅಲ್ಲ."

"ಮೂಲ ಯಾರು ನೋಡ್ತಾರಮ್ಮ ಎಂಟನೇ ಕ್ಲಾಸಲ್ಲಿ?"

"ಮೂಲ ಅಂತ ಒಂದು ಸಾಲೇ ಇಟ್ಟಿದೀರಲ್ಲ ಸರ್."

"ಸಾಲು ತುಂಬಬೇಕು. ಅದಕ್ಕೇ ನಿಮಗೆ ಕೊಟ್ಟಿದ್ದು."

ಅದಕ್ಕೇ. ಈ ವಾರ ಎಲ್ಲರೂ ನನಗೆ ಕೊಡುತ್ತಿರುವುದು ಇದೊಂದೇ.

8, ಭಾನುವಾರ. ಸಂಜೆ 7.40

ಪೆನ್ನು ಕಾಗದ ಹರಿಯುತ್ತಿದೆ. ಸಿಟ್ಟಿಗೆ.

ಐದು ದಿನ ಮುಗಿದು ಹೋಗಿದೆ. ಜ್ವರಕ್ಕೆ ಟೈ ಡಾಕ್ಟರ ಕ್ಯಾಲೆಂಡರ್ ತಲುಪಿಲ್ಲ. ಬೆಳಿಗ್ಗೆ 103. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಅಲ್ಲಿಯ ಹುಡುಗಿ, "ಇವತ್ತು ಸಂಡೇ ಮೇಡಂ. ವೈರಲ್ ಆದ್ರೆ ಏಳು ದಿನಾನೂ ಇರುತ್ತೆ." ಐದು ಏಳಾಯಿತು. ನಾಳೆ ಕೇಳಿದರೆ ಒಂಬತ್ತು. ಎಷ್ಟು ಬೇಕಾದರೂ ಹಿಗ್ಗುವ ಪದ, ಒಳಲಂಗದ ಎಲಾಸ್ಟಿಕ್ಕಿನ ಹಾಗೆ.

ಏಳಕ್ಕೆ ಸ್ನಾನಕ್ಕೆ ಹೋದೆ, ಮಗುವನ್ನು ಕಾಂಪೌಂಡರ್ ಕೈಗೆ ಕೊಟ್ಟು. ಆರು ನಿಮಿಷ. ಹೊರಗೆ ಬರುತ್ತೇನೆ — ತೊಡೆಯ ಮೇಲೆ ಚಿಟಿಕೆ, ಅವಳ ಬಾಯೊಳಗೆ ಡ್ರಾಪರು. ಕಂದು ಬಾಟಲಿ. ಲೇಬಲ್ ಇಲ್ಲ.

"ಏನದು?"

"ನಂಜಿಗೆ. ನಾಲ್ಕೇ ಹನಿ."

"ಯಾರನ್ನ ಕೇಳಿ ಕೊಟ್ರಿ?"

"ಕೇಳಿದ್ರೆ ಬೇಡ ಅಂತಿದ್ದೆ."

"ಇದೇ ಮೊದಲಾ?"

ಡ್ರಾಪರನ್ನು ಬಟ್ಟೆಯಲ್ಲಿ ಒರೆಸುತ್ತಾ, ಎಷ್ಟು ಸಮಾಧಾನ ಆ ಮನುಷ್ಯನಿಗೆ! "ನಿನ್ನೆ ಎರಡು ಸಲ. ಇವತ್ತು ಇದು ಎರಡನೇದು. ಗಾಬರಿ ಯಾಕೆ? ನಿನ್ ಗಂಡ ಇದನ್ನೇ ಕುಡ್ಕೊಂಡು ಬೆಳ್ದಿದ್ದು."

"ಅದಕ್ಕೇ ಹಾಗಿದಾನೆ."

ನಕ್ಕರು. ಅದಕ್ಕೆ ಇನ್ನೂ ಉರಿಯಿತು. ಮಗುವನ್ನು ಕಿತ್ತುಕೊಂಡೆ.

"ನೀವು ಡಾಕ್ಟರಲ್ಲ ಮಾವ. ಕಾಂಪೌಂಡರ್. ಪೊಟ್ಟಣ ಕಟ್ಟೋರು. ಕಟ್ಟೋ ಕಾಲ ಮುಗೀತು. ಇನ್ಮೇಲೆ ನನ್ನ ಮಗುನ ಮುಟ್ಬೇಡಿ. ತಗೊಂಡು ಹೋಗಿ ಅದನ್ನ."

ಮುಚ್ಚಳ ತಿರುಗಿಸಿದರು — ಎರಡು ಸಲ, ಬಿಗಿಯಾಗಿದೆಯೇ ನೋಡಿ — ಜೇಬಿಗಿಟ್ಟರು. ಬಾಗಿಲವರೆಗೆ ಹೋಗಿ ತಿರುಗಿ, "ಪಾದ ತಣ್ಣಗಿದ್ಯಾ ನೋಡು" ಅಂದರು. ಕದ ಹಾಕಿಕೊಂಡೆ. ಸದ್ದಾಗುವ ಹಾಗೆ.

ಬಾಟಲಿಯಲ್ಲಿ ಏನಿದೆ ಅಂತ ಕೇಳಲಿಲ್ಲ. ಕೇಳಿದ್ದರೆ ಆ ನೀರಿಗೊಂದು ಮರ್ಯಾದೆ ಕೊಟ್ಟಂತಾಗುತ್ತಿತ್ತು.

8, ಭಾನುವಾರ. ರಾತ್ರಿ 11.45

ಎಂಟಕ್ಕೆ ಮಲಗಿದವಳು ಇನ್ನೂ ಎದ್ದಿಲ್ಲ. ಇಡೀ ವಾರದಲ್ಲಿ ಮೊದಲ ಸಲ. ನಾನೂ ಮಲಗಬೇಕಿತ್ತು. ಕಣ್ಣು ಮುಚ್ಚಿದರೆ ಡ್ರಾಪರ್ ಕಾಣುತ್ತದೆ. ಎದ್ದು ಚೀಟಿ ಬರೆಯಲು ಕೂತೆ. ಪ್ರಧಾನರ ಬಾಯಿ ಮುಚ್ಚಿಸುವಂಥದ್ದೊಂದು ಮೂಲ ಬರೆಯೋಣ ಎಂದು ದೊಡ್ಡ ಕೋಶ ತೆಗೆದೆ.

ವೈರಸ್. ಲ್ಯಾಟಿನ್. ವಿಷ. ಹಾವಿನದು, ಗಿಡದ್ದು. ಲೋಳೆಯಂಥ ರಸ. ಗಬ್ಬು ವಾಸನೆ. ಸಂಸ್ಕೃತದ ‘ವಿಷ’ ದೂರದ ದಾಯಾದಿ. ವೈರಕ್ಕೂ ಇದಕ್ಕೂ ನೆಂಟಸ್ತನವಿಲ್ಲ. ಪ್ರಧಾನರೇ, ನಿಮ್ಮ ವೈರಾಣುವಿಗೆ ನಮಸ್ಕಾರ. ಉತ್ಸಾಹ ಬಂತು. ಎಂಟನೇ ಕ್ಲಾಸಿನವರಿಗೆ ತಿಳಿಯುವ ಹಾಗೆ ಇಷ್ಟೂ ಅರ್ಥಕ್ಕೆ ಕನ್ನಡದ ಒಂದೇ ಪದ ಬೇಕು. ವಿಷವೂ ಆಗಬೇಕು, ಮೈಗೇರುವ ಕೆಟ್ಟದ್ದೂ ಆಗಬೇಕು, ಕೀವಿಗೂ ಸಲ್ಲಬೇಕು...

ಪೆನ್ನು ತಾನೇ ಬರೆಯಿತು. ನಂಜು.

ಹೊಡೆದು ಹಾಕಿದೆ. ಬೇರೆ ಹುಡುಕಿದೆ. ಇಲ್ಲ. ಮತ್ತೆ ಬರೆದೆ.

ಹಾಗಾದರೆ ಟೈ ಡಾಕ್ಟರ್ ಹೇಳಿದ್ದೂ ಗಳಗಳದ ಕಾಂಪೌಂಡರ್ ಹೇಳಿದ್ದೂ ಒಂದೇ ಪದ! ಒಬ್ಬರದು ಎರಡು ಸಾವಿರ ವರ್ಷ ಊರೂರು ಸುತ್ತಿ, ಪದವಿ ಪಡೆದು, ಆನೆಮರಿ ಕಟ್ಟಿಕೊಂಡು ಬಂದದ್ದು. ಇನ್ನೊಬ್ಬರದು ಎದುರು ಬಾಗಿಲಿನಿಂದ ಚಪ್ಪಲಿ ಎಳೆದುಕೊಂಡು ಬಂದದ್ದು. ಒಂದಕ್ಕೆ ಕ್ಯೂ ನಿಂತೆ, ಒಂದಕ್ಕೆ ಕದ ಹಾಕಿದೆ. ಕಾಲೇಜು ಕಲಿತವಳು ನಾನು. ಭಾಷಾಶಾಸ್ತ್ರದಲ್ಲಿ ಮೊದಲ ದರ್ಜೆ.

ಕೋಶದಲ್ಲಿ ಕೆಳಗೆ ಇನ್ನೊಂದು ಅರ್ಥ. ಕಣ್ಣಿಗೆ ಕಾಣದ ಅಣುವಿನ ಸುದ್ದಿಯೇ ಇಲ್ಲದ ಕಾಲದಲ್ಲಿ ಇಂಗ್ಲಿಷ್ ವೈದ್ಯರು ಈ ಪದವನ್ನು ಕಣ್ಣಿಗೆ ಕಾಣುವುದಕ್ಕೇ ಬಳಸುತ್ತಿದ್ದರು — ಹುಣ್ಣಿನಲ್ಲಿ ತುಂಬುವ, ರೋಗ ಹರಡುವ ರಸ. ಅಂದರೆ ಆಗ ವೈರಸ್ ಎಂದರೆ ಗಾಯ ಎಲ್ಲಿದೆ ಎಂದು ನೋಡಬೇಕಾಗಿತ್ತು. ಈಗ ವೈರಲ್ ಎಂದರೆ ನೋಡಬೇಕಾಗಿಲ್ಲ. ಟೈನವರಿಗೆ ಈ ಪದದೊಂದಿಗೆ ಹುಡುಕಾಟ ಮುಗಿಯಿತು. ಕಾಂಪೌಂಡರಿಗೆ ಅಲ್ಲಿಂದ ಶುರುವಾಗಿತ್ತು. "ಎಲ್ಲೋ ನಂಜಾಗಿದೆ. ಮೈಯೆಲ್ಲ ನೋಡಿದ್ರಾ?"

ಎಲ್ಲೋ.

ಒಂದು ವಿಷಯ ಇಲ್ಲಿ ಬರೆದಿಲ್ಲ. ಯಾರೂ ಓದದ ಪುಸ್ತಕದಲ್ಲೂ ಬರೆದಿಲ್ಲ. ಹೋದ ಭಾನುವಾರ ಮಧ್ಯಾಹ್ನ ಅವಳ ಕಾಲುಗುರು ತೆಗೆದೆ. ಕಣ್ಣು ತೂಗುತ್ತಿತ್ತು. ಎಡಗಾಲ ಹೆಬ್ಬೆರಳಲ್ಲಿ ಉಗುರಿನ ಜೊತೆ ಚರ್ಮವೂ ಬಂತು. ಕಿರುಚಿದಳು. ರಕ್ತ, ಬಟಾಣಿ ಕಾಳಿನಷ್ಟು. ಕರಡಿ ಚಿತ್ರದ ಪ್ಲಾಸ್ಟರು ಸುತ್ತಿದೆ, ಮೇಲೆ ಕಾಲುಚೀಲ ಹಾಕಿದೆ. ಸ್ವಂತ ಮಗುವಿನ ಉಗುರು ತೆಗೆಯಲು ಬರದ ತಾಯಿ ಎಂದು ಕಾಂಪೌಂಡರ್ ಬಾಯಿಂದ ಕೇಳುವುದು ಬೇಡವಾಗಿತ್ತು. ಡಾಕ್ಟರ ಹತ್ತಿರವೂ ಅಂಗಿ ಎತ್ತಿದೆ, ಕಾಲುಚೀಲ ಬಿಚ್ಚಲಿಲ್ಲ. ಮೈ ಒರೆಸುವಾಗಲೂ ಮೊಣಕಾಲಿಗೆ ನಿಲ್ಲಿಸಿದೆ. ಜ್ವರದಲ್ಲಿ ಕಾಲು ಬೆಚ್ಚಗಿರಲಿ ಅಂತ ನನಗೇ ಹೇಳಿಕೊಂಡೆ. ಎಂಥಾ ಕಾಳಜಿ. ಊರವರನ್ನೆಲ್ಲ ಆಡಿಕೊಳ್ಳುವ ಈ ನಾಲಗೆ, ಒಂದು ಕಾಲುಚೀಲದ ಒಳಗೆ ನೋಡಲು ಹೆದರಿತು.

ಏನೂ ಇರುವುದಿಲ್ಲ. ಒಣಗಿರುತ್ತದೆ. ಬಿಚ್ಚಿ ನೋಡಿ ಬಂದು ಬರೆಯುತ್ತೇನೆ.

9, ಸೋಮವಾರ. ಬೆಳಗಿನ ಜಾವ 1.20

ಬೆರಳು ನೇರಳೆ ಬಣ್ಣಕ್ಕೆ ಊದಿದೆ. ಪ್ಲಾಸ್ಟರಿನ ಅಂಚಿನಲ್ಲಿ ಕೀವು. ಅಲ್ಲಿಂದ ಒಂದು ಕೆಂಪು ಗೆರೆ, ಪಾದದ ಮೇಲೆ ಹಾದು, ಕಣಕಾಲು ದಾಟಿ, ಮೀನಖಂಡದವರೆಗೆ. ಪ್ರೂಫ್ ತಿದ್ದುವ ಪೆನ್ಸಿಲಿನಲ್ಲಿ ಎಳೆದ ಹಾಗೆ. ಇಷ್ಟು ಮುಟ್ಟಿದರೂ ಏಳಲಿಲ್ಲ. ಕೂಗಿದೆ, ಕೆನ್ನೆ ತಟ್ಟಿದೆ, ಚಿವುಟಿದೆ. ಕಣ್ಣು ಅರ್ಧ ತೆರೆದು ಮುಚ್ಚಿದಳು. ಅದು ನಿದ್ದೆಯಾಗಿರಲಿಲ್ಲ. ನಾಲ್ಕು ಗಂಟೆ ಹೊತ್ತು, ಆಹಾ ಮಲಗಿದಳು ಎಂದು ಚೀಟಿ ಬರೆಯುತ್ತಾ ಕೂತಿದ್ದೆ.

ದೊಡ್ಡಾಸ್ಪತ್ರೆಗೆ ಫೋನ್ ಮಾಡಿದೆ. ನರ್ಸು. "ಎಷ್ಟು ಜ್ವರ? ಎಷ್ಟು ದಿನ? ಡಾಕ್ಟ್ರು ಏನಂದಿದ್ರು?"

"ವೈರಲ್..."

"ಗೆರೆ ಯಾವಾಗಿಂದ?"

"ಗೊತ್ತಿಲ್ಲ."

"ನೀವು ತಾಯೀನಾ?" ಅಂದಳು. ಬೇಕೆಂದೇ ಅಲ್ಲ, ಫಾರ್ಮಿನಲ್ಲಿ ಬರೆದುಕೊಳ್ಳಲು. "ಏನೇನು ಔಷಧಿ ಹೋಗಿದೆ?" ಸಿರಪ್ ಹೇಳಿದೆ. ಹನಿಗಳನ್ನೂ ಹೇಳಿದೆ. "ಯಾವ ಹನಿ?" ಗೊತ್ತಿಲ್ಲ. "ಯಾರು ಕೊಟ್ರು ಅವ್ರನ್ನ ಕೇಳಿ. ಮಂಪರು ನಂಜಿಗೋ, ಆ ಹನಿಗೋ ನಮ್ಗೆ ತಿಳೀಬೇಕು. ಬಾಟ್ಲಿ ತನ್ನಿ. ಇಲ್ಲಾಂದ್ರೆ ಹೆಸರಾದ್ರೂ ಬೇಕು, ಬೇಗ." ನಂಜು ಅಂದಳು. ಆಸ್ಪತ್ರೆಯವಳು, ಅವಳ ಬಾಯಲ್ಲೇ.

ಗಂಡನ ಫೋನ್ ರಿಂಗೇ ಆಗುತ್ತಿಲ್ಲ. ಎದುರು ಬಾಗಿಲು ಬಡಿದೆ. ಕೈಯಿಂದ, ಚಪ್ಪಲಿಯಿಂದ, ಲಟ್ಟಣಿಗೆಯಿಂದ. ಮೇಲಿನ ಮನೆಯವರು ಎದ್ದರು, ಬೈದರು, ಬಂದು ಅವರೂ ಬಡಿದರು. ಒಳಗೆ ಸದ್ದಿಲ್ಲ.

ಮಾವ, ನೀವು ಕಿವಿಯ ಯಂತ್ರ ತೆಗೆದಿಟ್ಟು ಮಲಗಿದ್ದೀರಿ. ಮೊಬೈಲ್ ಆಫ್. ಗಾಡಿ ಐದು ನಿಮಿಷದಲ್ಲಿ ಬರುತ್ತದೆ. ಬೇರೆ ಕಾಗದ ಹುಡುಕಲು ಹೊತ್ತಿಲ್ಲ, ಈ ಪುಸ್ತಕವನ್ನೇ ಈ ಪುಟಕ್ಕೆ ಮಡಿಸಿ, ನಿಮ್ಮ ಬಾಗಿಲ ಹಿಡಿಯ ದಿನಪತ್ರಿಕೆ ಚೀಲದಲ್ಲಿ ಇಟ್ಟು ಹೋಗುತ್ತಿದ್ದೇನೆ. ಎದ್ದ ಕೂಡಲೇ ಪೇಪರಿಗೆ ಕೈ ಹಾಕುತ್ತೀರಿ. ಇದು ಮೊದಲು ಸಿಗಬೇಕು.

ಹಿಂದಿನ ಪುಟಗಳನ್ನು ಓದಬೇಡಿ. ಓದುತ್ತೀರಿ, ಅಕ್ಷರ ಕಂಡರೆ ಬಿಡುವವರಲ್ಲ. ಓದಿ. ಒಂದಕ್ಷರವೂ ಅಳಿಸಿಲ್ಲ, ಎಲ್ಲ ನಾನೇ ಬರೆದದ್ದು. ಆಮೇಲೆ ಓದಿ ಏನು ಬೇಕಾದರೂ ಅನ್ನಿ, ಜನ್ಮವಿಡೀ ಅನ್ನಿ. ಆದರೆ ಮೊದಲು ಆ ಬಾಟಲಿ. ಅದರಲ್ಲೇನಿದೆ? ಹೆಸರು ಗೊತ್ತಿದ್ದರೆ ಹೆಸರು. ನೀವೇ ಕಲಸಿದ್ದಾದರೆ ಏನೇನು, ಎಷ್ಟೆಷ್ಟು, ಯಾವ ಕಾಲದ್ದು. ನಾಲ್ಕೇ ಹನಿ ಅಂದಿರಿ — ನಾಲ್ಕೇ ತಾನೆ? ಹೆಚ್ಚಾಗಿದ್ದರೆ ಹೆಚ್ಚು ಅಂತಲೇ ಹೇಳಿ. ನಾನು ಕೂಗುವುದಿಲ್ಲ. ಕಾಲನ್ನು ಬಚ್ಚಿಟ್ಟವಳು ನಾನು, ಹಾಗೆಂದು ಆಸ್ಪತ್ರೆಯವರಿಗೂ ಹೇಳಿದ್ದೇನೆ.

ಆಸ್ಪತ್ರೆಯ ನಂಬರು ಇದೇ ಪುಟದ ಮೇಲ್ತುದಿಯಲ್ಲಿ, ದಪ್ಪಕ್ಷರದಲ್ಲಿ ಬರೆದಿದ್ದೇನೆ, ಕನ್ನಡಕ ಇಲ್ಲದೆಯೂ ಕಾಣುತ್ತದೆ. ಕೆಳಗಿನದು ನನ್ನದು. ಗಂಟಲು ಆಮೇಲೆ ತೊಳೆದುಕೊಳ್ಳಿ ಮಾವ. ಮೊದಲು ಯಂತ್ರ ಹಾಕಿಕೊಳ್ಳಿ, ಅವರು ಕೇಳುವುದು ನಿಮಗೆ ಕೇಳಿಸಬೇಕು. ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರೆ ಹೆದರಬೇಡಿ, ನಿಮ್ಮ ಮಾತಲ್ಲೇ ಹೇಳಿ, ನಾನು ಪಕ್ಕದಲ್ಲೇ ನಿಂತಿರುತ್ತೇನೆ, ನಾನು ಹೇಳುತ್ತೇನೆ ಅವರಿಗೆ, ಇವರು ನಲವತ್ತು ವರ್ಷ ಔಷಧಿ ಕಲಸಿದವರು, ಇವರು ಹೇಳುವುದನ್ನು ಬರೆದುಕೊಳ್ಳಿ ಎಂದು.

ಹಾರ್ನ್ ಆಗುತ್ತಿದೆ. ಮೇಲಿನ ಮನೆಯವರು ಚಿಟಿಕೆಯನ್ನು ಎತ್ತಿಕೊಂಡು ಇಳಿಯುತ್ತಿದ್ದಾರೆ. ಕಾಲು ನೋಡಿದೆ, ಗೆರೆ ಮೊಣಕಾಲಿನ ಹತ್ತಿರ ಬಂದಿದೆ. ಮಾವ, ಬೆಳಕಾಗುವ ಮುಂಚೆ ಫೋನ್ ಮಾಡಿ. ದಮ್ಮಯ್ಯ. ನಾಲ್ಕಕ್ಕೆ ಎಚ್ಚರವಾದರೆ ನಾಲ್ಕಕ್ಕೆ, ಮೂರಕ್ಕಾದರೆ ಮೂರಕ್ಕೆ, ನಾನು ಫೋನು ಕೈಯಲ್ಲೇ ಹಿಡಿದಿರುತ್ತೇನೆ, ಒಂದೇ ಒಂದು ಸಲ ನೀವು